ಗಟ್ಟಿಮೇಳಕ್ಕೆ ಮುಂಚೆ ಬಂದ ಸೀನು

ಸನಾದಿ ಊದುವವನಿಗೆ ಬಾಯಿಗಿಂತ ಮೂಗು ಮುಖ್ಯ. ಈ ಮಾತು ಹೇಳಿದರೆ ಜನ ನಗುತ್ತಾರೆ. ನಗಲಿ. ಮದುವೆಮನೆಯಲ್ಲಿ ಹೋಳಿಗೆ ಹೊಡೆಯುತ್ತ ಕೂತವರ ಕಿವಿಗೆ ಸನಾದಿಯ ದನಿ ಬೀಳುತ್ತದೆಯೇ ಹೊರತು, ಆ ದನಿ ನಡುವೆ ಎಲ್ಲೂ ತುಂಡಾಗುವುದಿಲ್ಲ ಎನ್ನುವುದು ತಲೆಗೆ ಹೋಗುವುದಿಲ್ಲ. ಊದುವವನೂ ಮನುಷ್ಯ, ಅವನೂ ಉಸಿರಾಡಬೇಕು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಅದನ್ನು ಪೀಪಿಯೊಳಗೆ ಒತ್ತುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಕೇಳುವವರಿಗೆ ಅದು ಗೊತ್ತಾಗಬಾರದು. ಮೂಗು ಕಟ್ಟಿತೆಂದರೆ ಸನಾದಿ ಮುಗಿಯಿತು. ನೆಗಡಿಯಾದರೆ ನಾಲ್ಕು ದಿನದ ಮಾತು, ಹೋಗುತ್ತದೆ. ನನಗಾದದ್ದು ನೆಗಡಿಯಲ್ಲ.

ನನ್ನ ಮುಖ ನೋಡದವರಿಗಾಗಿ ಹೇಳುತ್ತೇನೆ. ನನ್ನ ಮೂಗು ಹುಬ್ಬಿನ ಕೆಳಗೆ ಸರಿಯಾಗಿಯೇ ಶುರುವಾಗಿ, ನಡುವೆ ಕುಸಿದು, ತುದಿಯಲ್ಲಿ ಮತ್ತೆ ಎದ್ದಿದೆ. ಯಾರಾದರೂ ನನ್ನನ್ನು ಕಂಡು ಮೂಗು ಮುರಿದರೆ ನನಗೆ ಬೇಸರವಿಲ್ಲ, ಆ ಕೆಲಸದಲ್ಲಿ ನಾನು ಅವರಿಗಿಂತ ಎಷ್ಟೋ ಮುಂದೆ ಹೋಗಿದ್ದೇನೆ. ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಸನಾದಿ ಕೈಬಿಟ್ಟ ಮೇಲೆ ಅಕ್ಷರ ಕಲಿತೆ. ಅದರಿಂದ ಹೊಟ್ಟೆ ತುಂಬಲಿಲ್ಲ. ಸಿಟ್ಟನ್ನು ಬರೆದಿಡುವುದಕ್ಕೆ ಬಂತು, ಅಷ್ಟೆ.

ನಮ್ಮದು ಹೊಸಪೇಟೆ. ಆಗಿನ್ನೂ ನಮ್ಮನ್ನು ಆಳುವ ಸರ್ಕಾರ ಮದ್ರಾಸಿನಲ್ಲಿತ್ತು. ಹಂಪಿಯ ಗುಡಿಯಲ್ಲಿ ಬೆಳಗಿನ ಪೂಜೆಗೆ ಸನಾದಿ ಊದುವುದು, ಈ ಕಡೆ ಕಂಪ್ಲಿಯಿಂದ ಆ ಕಡೆ ಸಂಡೂರಿನವರೆಗೆ ಮದುವೆಗಳಿಗೆ ಹೋಗುವುದು, ನಮ್ಮ ಮನೆಗೆ ತಲೆಮಾರುಗಳಿಂದ ಬಂದ ಕೆಲಸ. ಅಪ್ಪ ಊದುತ್ತಿದ್ದ. ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ಡೋಲು ಬಾರಿಸುತ್ತಿದ್ದ. ಅಪ್ಪ ನನಗೆ ಕಲಿಸುವುದಕ್ಕೆ ಶುರುಮಾಡಿ, ಅರ್ಧಕ್ಕೇ ಬಿಟ್ಟು, ಜ್ವರದಲ್ಲಿ ತೀರಿಕೊಂಡ. ಆಗ ತಂಗಿ ಇನ್ನೂ ಅಂಬೆಗಾಲಿನಲ್ಲಿದ್ದಳು.

ಉಳಿದರ್ಧ ಕಲಿಸಿದವಳು ಅವ್ವ. ಅವಳು ಒಂದು ದಿನವೂ ಸನಾದಿಯನ್ನು ತುಟಿಗೆ ತಾಗಿಸಿದವಳಲ್ಲ, ಹೆಂಗಸರು ಮುಟ್ಟುವ ಹಾಗೂ ಇರಲಿಲ್ಲ. ಆದರೆ ಕಿವಿ ಇತ್ತು. ನಮ್ಮಲ್ಲಿ ಹೊಸಬರಿಗೆ ಮೊದಲು ಸನಾದಿ ಕೊಡುವುದಿಲ್ಲ. ಒಂದು ಚೊಂಬು ನೀರು, ಒಂದು ಪರಂಗಿ ಎಲೆಯ ದಂಟು, ಇಷ್ಟೇ ಕೊಡುವುದು. ದಂಟಿನ ಒಂದು ತುದಿ ನೀರಿನಲ್ಲಿಟ್ಟು ಊದುತ್ತಿರಬೇಕು. ಗುಳುಗುಳು ಎಂದು ಗುಳ್ಳೆ ಏಳುತ್ತಲೇ ಇರಬೇಕು. ಉಸಿರು ತೆಗೆದುಕೊಳ್ಳುವಾಗಲೂ ಅದು ನಿಲ್ಲಬಾರದು. ನಾನು ಕಟ್ಟೆಯ ಮೇಲೆ ಚೊಂಬು ಇಟ್ಟುಕೊಂಡು ಕೂತರೆ ಅವ್ವ ಒಳಗೆ ಬೀಸುವ ಕಲ್ಲಿನ ಮುಂದೆ ಕೂತಿರುತ್ತಿದ್ದಳು. ಕಲ್ಲಿನ ಗರಗರದ ನಡುವೆಯೂ ನನ್ನ ಗುಳ್ಳೆ ಅವಳಿಗೆ ಕೇಳಿಸುತ್ತಿತ್ತು. ಒಂದು ಗಳಿಗೆ ತಪ್ಪಿದರೆ ಸಾಕು, ಒಳಗಿನಿಂದಲೇ ಕೂಗುತ್ತಿದ್ದಳು.

"ನಿಂತ್ತು ನೋಡು!"

ನಾನು ಬೈದುಕೊಳ್ಳುತ್ತ ಮತ್ತೆ ಶುರುಮಾಡುತ್ತಿದ್ದೆ. ಹೀಗೆ ಬೈದುಕೊಳ್ಳುತ್ತಲೇ ಕಲಿತೆ. ಮೀಸೆ ಬರುವ ಹೊತ್ತಿಗೆ ಹಂಪಿಯ ಗುಡಿಯ ಬೆಳಗಿನ ಸನಾದಿ ನನ್ನದಾಯಿತು. ನಾನು ಚೆನ್ನಾಗಿ ಊದುತ್ತಿದ್ದೆ. ಸಂಕೋಚಪಟ್ಟು ಹೇಳುವ ವಯಸ್ಸು ದಾಟಿದೆ. ಬಹಳ ಚೆನ್ನಾಗಿ ಊದುತ್ತಿದ್ದೆ.

ಅವ್ವನ ಬಗ್ಗೆ ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಯಾರೂ ಸೀನಬಾರದು, ಸೀನಿದ್ದು ಕೇಳಿಸಬಾರದು. ಅದಕ್ಕೆಂದೇ ಗಟ್ಟಿಮೇಳ. ಶಾಸ್ತ್ರಿಗಳು ಕೈಯೆತ್ತಿದ ಕೂಡಲೇ ಡೋಲು, ಸನಾದಿ ಎಲ್ಲ ಒಟ್ಟಿಗೆ ಮೊರೆದು, ಕೆಟ್ಟ ಸದ್ದು ಏನಿದ್ದರೂ ಮುಚ್ಚಿಹೋಗಬೇಕು. ಅವ್ವನ ಮದುವೆಯಲ್ಲಿ ಡೋಲು ಏಳುವುದಕ್ಕೆ ಒಂದು ಗಳಿಗೆ ಮುಂಚೆ ಯಾರೋ ಸೀನಿದ್ದರಂತೆ. ಯಾರು ಎಂದು ಗೊತ್ತಾಗಲಿಲ್ಲ. ಅಪ್ಪ ಸತ್ತ ದಿನ ಹೆಣ ಇನ್ನೂ ಅಂಗಳದಲ್ಲಿರುವಾಗಲೇ ನನ್ನ ಅಜ್ಜಿ, ಅಪ್ಪನ ತಾಯಿ, ಎಲ್ಲರ ಮುಂದೆ ಅಂದಳು.

"ಆ ಸೀನು ನನ್ನ ಕಿವಿಗೆ ಬಿದ್ದಾಗನ ತಿಳದಿತ್ತು, ನನ್ನ ಮಗ ಬಾಳೂದಿಲ್ಲಂತ."

ಅಜ್ಜಿ ಬದುಕಿರುವವರೆಗೂ ಈ ಮಾತು ನಿಲ್ಲಿಸಲಿಲ್ಲ. ಅವ್ವ ಎದುರಾಡಲಿಲ್ಲ. ಎದುರಾಡದೆ ಇದ್ದು ಇದ್ದು, ಕೊನೆಗೆ ತಾನೂ ನಂಬಿದಳು. ಮದುವೆಗಳಿಗೆ ಹೋದಾಗ ಮುಹೂರ್ತದ ಹೊತ್ತಿಗೆ ನಾನು, ತಂಗಿ ಇಬ್ಬರೂ ಮೂಗು ಹಿಡಿದುಕೊಂಡೇ ನಿಲ್ಲಬೇಕಿತ್ತು. ಬೇರೆ ಮಕ್ಕಳು ನಗುತ್ತಿದ್ದರು. ಅವ್ವ ನಗುತ್ತಿರಲಿಲ್ಲ.

ನನ್ನ ಮೂಗು ಮುರಿದದ್ದು ಸಂಡೂರಿನಲ್ಲಿ. ದೊಡ್ಡ ಮನೆತನದ ಮದುವೆ. ಮದುಮಗನನ್ನು ಕುದುರೆಯ ಮೇಲೆ ಕೂರಿಸಿ ಇಳಿಹೊತ್ತಿನಲ್ಲಿ ಮೆರವಣಿಗೆ ಹೊರಡಿಸಿದ್ದರು. ಆ ಊರಿನ ಕೆಂಪು ಧೂಳು ನಮ್ಮ ಬಿಳಿ ಅಂಗಿಗಳ ಮೇಲೆಲ್ಲ ಕೂತಿತ್ತು. ದಾರಿ ಕೂಡುವಲ್ಲೆಲ್ಲ ಮೇಳದವರು ಮದುಮಗನ ಕಡೆಗೆ ತಿರುಗಿ, ಅವನ ಮುಖ ನೋಡಿ ನುಡಿಸುವುದು ರೂಢಿ. ನಾನು ಹಾಗೆ ತಿರುಗಿ, ಕುದುರೆಯ ಹತ್ತಿರವೇ ನಿಂತು ಊದುತ್ತಿದ್ದೆ. ಹಿಂದೆ ಯಾವನೋ ಪುಣ್ಯಾತ್ಮ ಗರ್ನಾಲು ಹಾರಿಸಿದ. ಕುದುರೆ ಬೆಚ್ಚಿ ತಲೆ ಎತ್ತಿ ಝಾಡಿಸಿತು. ಅದರ ಹಣೆಯ ಗಟ್ಟಿ ಎಲುಬು ನೆಟ್ಟಗೆ ನನ್ನ ಮೂಗಿಗೆ ಬಡಿಯಿತು. ತಲೆಯೊಳಗೇ ಯಾರೋ ಒಣಕಡ್ಡಿ ಲಟಕ್ಕನೆ ಮುರಿದಂತೆ ಕೇಳಿಸಿತು. ಮೆರವಣಿಗೆ ನಿಂತರೆ ಅಪಶಕುನ, ಆದ್ದರಿಂದ ಯಾರೂ ನಿಲ್ಲಲಿಲ್ಲ. ನನ್ನನ್ನು ಒಂದು ಕಟ್ಟೆಯ ಮೇಲೆ ಕೂರಿಸಿ ಮಾವ ಡೋಲು ಬಾರಿಸುತ್ತಲೇ ಮುಂದೆ ಹೋದ. ಹೋಗುತ್ತ ಹೋಗುತ್ತ ಹಿಂದಿರುಗಿ ನೋಡುತ್ತಿದ್ದ.

ಹೊಸಪೇಟೆಗೆ ಬಂದ ಮೇಲೆ ಅರಿಸಿನ ಸುಣ್ಣ ಕಲಸಿ ಹಚ್ಚಿದರು. ಮುಖವೆಲ್ಲ ಕುಂಬಳಕಾಯಿಯಾಗಿತ್ತು. ಮೂಗಿನಲ್ಲಿ ಎಲುಬೆಲ್ಲಿದೆ, ಬಾವು ಇಳಿದರೆ ತಾನೇ ಸರಿಹೋಗುತ್ತದೆ ಎಂದು ಬಂದವರೆಲ್ಲ ಹೇಳಿದರು. ಬಾವು ಇಳಿಯಿತು. ಮೂಗು ಬಲಕ್ಕೆ ವಾಲಿತ್ತು. ಎಡಗಡೆಯ ಹೊಳ್ಳೆ ಪೂರ್ತಿ ಮುಚ್ಚಿಹೋಗಿತ್ತು, ಬಲಗಡೆಯದರಲ್ಲಿ ಎಳೆಯಷ್ಟು ಗಾಳಿ.

ಅವ್ವ ಚೊಂಬು ತುಂಬಿಸಿ ತಂದಿಟ್ಟಳು. ಅಟ್ಟದ ಮೇಲಿಂದ ಇಳಿಸಿದ್ದ ಅದೇ ಹಳೆಯ ಚೊಂಬು. ಊದಿದೆ. ಗುಳ್ಳೆ ಎದ್ದಿತು. ಉಸಿರು ಎಳೆಯುವ ಹೊತ್ತಿಗೆ ನಿಂತಿತು. ಮತ್ತೆ ಊದಿದೆ, ಮತ್ತೆ ನಿಂತಿತು. ಅವ್ವ ಎದುರಿಗೇ ಕೂತಿದ್ದಳು, ಕೂಗಬೇಕಾಗಿರಲಿಲ್ಲ.

ಹಂಪಿಗೆ ಹೋಗುವುದನ್ನು ಬಿಡುವಂತಿರಲಿಲ್ಲ. ಹೋಗಿ ಊದಿದೆ. ದನಿ ಹೆಜ್ಜೆ ಹೆಜ್ಜೆಗೂ ಕತ್ತರಿಸಿಹೋಗುತ್ತಿತ್ತು. ಒಳಗೆ ಆರತಿ ಎತ್ತುತ್ತಿದ್ದ ಅರ್ಚಕರು ಒಮ್ಮೆ ತಿರುಗಿ ನನ್ನ ಕಡೆ ನೋಡಿದರು. ಬಯ್ಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಕಣ್ಣಿನಲ್ಲಿ ಮರುಕವಿತ್ತು, ಅದನ್ನು ಹೊತ್ತುಕೊಂಡು ಹೊಸಪೇಟೆಯವರೆಗೆ ನಡೆದು ಬರುವುದು ಕಷ್ಟವಾಯಿತು. ಸನಾದಿ ಇಲ್ಲದಿದ್ದರೆ ನಾನು ಯಾರು ಎಂದು ದಾರಿಯುದ್ದಕ್ಕೂ ಕೇಳಿಕೊಂಡೆ.

ಆ ದಿನಗಳಲ್ಲೇ ಊರಿನ ಆಸ್ಪತ್ರೆಗೆ ಹೊಸ ಡಾಕ್ಟರು ಬಂದಿದ್ದರು. ದೊಡ್ಡ ಯುದ್ಧದಲ್ಲಿ ಸಮುದ್ರದಾಚೆ ಇದ್ದು, ಗುಂಡು ತಗುಲಿ ಮುಖ ಕೆಟ್ಟ ಸಿಪಾಯಿಗಳನ್ನು ರಿಪೇರಿ ಮಾಡಿದವರು ಎಂದು ಸುದ್ದಿಯಿತ್ತು. ಅವರ ಮನೆಮಾತು ತೆಲುಗು. ನಮ್ಮ ಹತ್ತಿರ ಕನ್ನಡ, ತೆಲುಗು ಕಲಸಿ ಮಾತಾಡುತ್ತಿದ್ದರು. ಸಿಡುಕಿನ ಮನುಷ್ಯ, ಕೈ ಮಾತ್ರ ಮೃದು. ಹಣೆಗೆ ದುಂಡು ಕನ್ನಡಿ ಕಟ್ಟಿಕೊಂಡು ನನ್ನ ಮೂಗಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

ಪೆಟ್ಟು ಬಿದ್ದ ವಾರದಲ್ಲೇ ಬಂದಿದ್ದರೆ ಹೆಬ್ಬೆರಳಿನಲ್ಲೇ ಒತ್ತಿ ಕೂರಿಸಿಬಿಡುತ್ತಿದ್ದೆ ಎಂದರು. ಈಗ ಎಲುಬು ಸೊಟ್ಟಗೇ ಕೂಡಿಕೊಂಡಿದೆ. ಮತ್ತೆ ಮುರಿದು ನೆಟ್ಟಗೆ ಮಾಡಬೇಕು.

ಮಾವ ಹೌಹಾರಿದ. "ಮುರದದ್ದನ್ನ ಮತ್ತ ಮುರೀತಾರಂತ! ಬ್ಯಾಡಕ್ಕ, ಇರೂ ಒಂದು ಹೊಳ್ಳಿನೂ ಹೋದೀತು. ಹೆಂಗೋ ಉಸಿರಾಡ್ತಾನ, ಬದಕ್ಲಿ ಬಿಡು."

"ಉಸಿರಾಡಾಕ ಹಡದೀನೇನು ಅವನ್ನ?" ಅವ್ವ ಅಂದಳು. "ಊದಬೇಕು ಅವ. ಮುರೀರಿ ಡಾಕ್ಟ್ರ, ನೀವು ಮುರೀರಿ."

ಇಡೀ ಕೇರಿ ಬೇಡವೆಂದಾಗ ಮುರಿಯಿರಿ ಎಂದವಳು ಅವಳು. ಇದನ್ನು ನಾನು ಮರೆಯುವುದಿಲ್ಲ, ಓದುವವರೂ ಮರೆಯಬಾರದು.

ಮರಗಟ್ಟಿಸುವ ಔಷಧದಲ್ಲಿ ಅದ್ದಿದ ಬಟ್ಟೆಯ ಪಟ್ಟಿಗಳನ್ನು ಮೂಗಿನೊಳಗೆ ತುರುಕಿದರು. ಮುಖ ನನ್ನದಲ್ಲವೆನ್ನಿಸಿತು, ಆದರೆ ಎಚ್ಚರವಿತ್ತು. ಅಕ್ಕಸಾಲಿಗನದರಂಥ ಸಣ್ಣ ಉಳಿ, ಸಣ್ಣ ಸುತ್ತಿಗೆ. ಉಳಿಯನ್ನು ಹೊಳ್ಳೆಯ ಒಳಗಿನಿಂದ ಎಲುಬಿಗೆ ಆನಿಸಿ ತಟ್ಟತೊಡಗಿದರು. ನೋವಿರಲಿಲ್ಲ, ಸದ್ದಿತ್ತು. ಡೋಲಿನ ಮನೆಯಲ್ಲಿ ಬೆಳೆದವನು ನಾನು, ಅವರ ಪೆಟ್ಟು ಒಂದು ಬೇಗ ಒಂದು ತಡವಾಗಿ ಬೀಳುತ್ತಿತ್ತು, ಲಯವೇ ಇಲ್ಲ. ಮೂಗು ಒಡೆಯುತ್ತಿದ್ದಾರೆ ಎನ್ನುವುದಕ್ಕಿಂತ ಆ ಲಯ ತಪ್ಪುವುದೇ ನನಗೆ ಹೆಚ್ಚು ಕಿರಿಕಿರಿಯಾಯಿತು. ಆಮೇಲೆ ಚಪ್ಪಟೆ ಬಾಯಿಯ ಇಕ್ಕಳದಿಂದ ಹಿಡಿದು, ಹೊರಗಿನಿಂದ ಹೆಬ್ಬೆರಳು ಒತ್ತಿ, ಒಮ್ಮೆ ತಿರುಗಿಸಿದರು. ಲಟಕ್ ಎಂದಿತು. ಸಂಡೂರಿನ ಅದೇ ಸದ್ದು. ಮತ್ತೆ ಎರಡೂ ಹೊಳ್ಳೆಗೆ ಪಟ್ಟಿ ತುಂಬಿ, ಹಣೆಯಿಂದ ಮೂಗಿನ ತುದಿಯವರೆಗೆ ಒದ್ದೆ ಸುಣ್ಣದಂಥ ಗಾರೆ ಮೆತ್ತಿದರು. ಅದು ಒಣಗಿ ಕಲ್ಲಾಯಿತು.

ಪಟ್ಟಿ ತೆಗೆದ ದಿನ ಎಡಹೊಳ್ಳೆಯಿಂದ ಗಾಳಿ ಒಳಗೆ ಬಂತು. ತಣ್ಣಗಿತ್ತು. ಅದರ ಜೊತೆ ಆಸ್ಪತ್ರೆಯ ಫಿನಾಯಿಲು, ಹೊರಗೆ ಯಾರೋ ಹೊತ್ತು ಹೋಗುತ್ತಿದ್ದ ಕಬ್ಬಿನ ಸೋಗೆ, ಅವ್ವನ ಸೀರೆಯ ಬೆವರು ಎಲ್ಲ ಒಟ್ಟಿಗೆ ಬಂದವು. ನಾನು ಅತ್ತೆ. ಅಳಬೇಡ, ಸಿಂಬಳ ಬರುತ್ತದೆ ಎಂದು ಡಾಕ್ಟರು ರೇಗಿದರು.

ಗಾರೆ ಬಿಚ್ಚಿ, ಮೂಗಿನ ಮೇಲೆ ತೆಳ್ಳನೆಯ ಪಟ್ಟಿಯೊಂದನ್ನು ಅಂಟಿಸಿದ ಮೇಲೆ ಅವರು ಅವ್ವನನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದರು. ಎಲುಬು ಈಗಷ್ಟೇ ಕೂಡಿಕೊಳ್ಳುತ್ತಿದೆ, ಒಳಗಿನ ಗೋಡೆ ಇನ್ನೂ ಹಸಿ. ಬಿಗಿಯಾಗಿ ಸಿಂಬಳ ತೆಗೆಯಬಾರದು, ಬೋರಲು ಮಲಗಬಾರದು, ಯಾರೂ ಮುಟ್ಟಬಾರದು. ನಾನು ಹೇಳುವತನಕ ಸನಾದಿ ಬೇಡ, ಬೇಕಾದರೆ ಆ ನೀರಿನ ಗುಳ್ಳೆ ಮಾಡಿಕೋ, ಮೆಲ್ಲಗೆ.

"ಸೀನು ಬಂದರೆ ತಡೀಬೇಡ. ಬಾಯಿ ತೆರೆದು ಬಿಟ್ಟುಬಿಡು. ತಡೆದೆಯೋ, ಒಳಗೇ ಒಡೆಯುತ್ತೆ. ತಿಳೀತಾ?"

"ತಿಳೀತ್ರಿ," ಎಂದೆವು ಇಬ್ಬರೂ.

ಮನೆಗೆ ಬಂದು ಚೊಂಬಿನ ಮುಂದೆ ಕೂತೆ. ಅವ್ವ ಬೀಸುವ ಕಲ್ಲಿನ ಮುಂದೆ ಕೂತಳು, ಆದರೆ ಬೀಸಲಿಲ್ಲ, ಹಿಡಿಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು. ಗುಳ್ಳೆ ಎದ್ದಿತು. ಉಸಿರು ಎಳೆದೆ. ಎರಡೂ ಹೊಳ್ಳೆಯಿಂದ ಗಾಳಿ ಬಂತು, ಗುಳುಗುಳು ನಿಲ್ಲಲಿಲ್ಲ. ಮತ್ತೆ ಎಳೆದೆ, ನಿಲ್ಲಲಿಲ್ಲ. ಒಳಗೆ ಬೀಸುವ ಕಲ್ಲು ತಿರುಗತೊಡಗಿತು. ಅವ್ವ ಪದ ಹೇಳುತ್ತ ಬೀಸುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಪದ ಹೇಳಿದ್ದು ನಾನು ಕೇಳಿರಲಿಲ್ಲ. ನನ್ನ ಬದುಕಿನಲ್ಲಿ ಸುಖ ಎಂದು ಬೆರಳಿಟ್ಟು ತೋರಿಸಬಹುದಾದದ್ದು ಆ ಒಂದು ಮಧ್ಯಾಹ್ನ.

ತಂಗಿಯ ಮದುವೆ ಕಂಪ್ಲಿಯಲ್ಲಿ ಮೊದಲೇ ಗೊತ್ತಾಗಿತ್ತು. ಹುಡುಗ ನಮ್ಮವನೇ, ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ, ಒಳ್ಳೆಯವನು. ಗಂಡಿನ ಮನೆಯ ಮುಂದೆಯೇ ಚಪ್ಪರ ಹಾಕಿದ್ದರು. ಸನಾದಿಗೆ ಮರಿಯಮ್ಮನಹಳ್ಳಿಯ ನೆಂಟನೊಬ್ಬನನ್ನು ಕರೆಸಿದ್ದೆವು. ತಂಗಿಯ ಮದುವೆಯಲ್ಲಿ ಬೇರೆಯವನು ಊದುವುದನ್ನು ಕೇಳುತ್ತ ಕೂರಬೇಕಲ್ಲ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ಇನ್ನು ಸ್ವಲ್ಪ ದಿನ, ಅವಳ ಸೀಮಂತಕ್ಕೆ ನಾನೇ ಊದುತ್ತೇನೆ ಎಂದು ಸಮಾಧಾನ ಮಾಡಿಕೊಂಡೆ.

ಮುಹೂರ್ತಕ್ಕೆ ಮುಂಚೆ ಗಂಡಿನ ಕಡೆಯ ಹಿರಿಯರೊಬ್ಬರು ಹತ್ತಿರ ಬಂದರು. ಕೆಟ್ಟ ಮನುಷ್ಯರಲ್ಲ.

"ತಮ್ಮ, ತಪ್ಪು ತಿಳ್ಕೋಬ್ಯಾಡ. ಮೂಗಿನ ಮ್ಯಾಲೆ ಪಟ್ಟಿ ಐತಿ. ಮುಹೂರ್ತದಾಗ ಎದುರಿಗೆ ಬ್ಯಾಡ. ಒಳಗ ಕುಂದ್ರು."

ಒಳಗೆ, ಉಗ್ರಾಣದ ಬಾಗಿಲ ಹಿಂದೆ, ಅವ್ವ ಮೊದಲೇ ನಿಂತಿದ್ದಳು. ಗಂಡ ಸತ್ತವಳು ಮಗಳಿಗೆ ತಾಳಿ ಕಟ್ಟುವಾಗ ಎದುರಿಗೆ ಇರುವ ಹಾಗಿಲ್ಲ. ಹೆತ್ತವಳೂ ಒಡಹುಟ್ಟಿದವನೂ ಇಬ್ಬರೂ ಬೆಲ್ಲದ ಪೆಂಟೆ, ಅಕ್ಕಿ ಚೀಲಗಳ ನಡುವೆ ನಿಂತು, ಬಾಗಿಲ ಸಂದಿಯಿಂದ ನೋಡಿದೆವು. ಶುಭವೆಂದರೆ ಏನೆಂದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು, ಯಾರನ್ನು ಬಾಗಿಲ ಹಿಂದೆ ನಿಲ್ಲಿಸಬೇಕೆಂದು ಗೊತ್ತಿದ್ದರೆ ಸಾಕು.

ಚಪ್ಪರದಲ್ಲಿ ಅಂತರಪಟ ಹಿಡಿದಿದ್ದರು. ತಂಗಿಯ ಬೆನ್ನು, ಜಡೆ, ಜಡೆಯ ತುದಿಯ ಕುಚ್ಚು ಕಾಣುತ್ತಿತ್ತು. ಶಾಸ್ತ್ರಿಗಳು ಮಂತ್ರ ಹೇಳುತ್ತಿದ್ದರು. ಮಾವ ಡೋಲಿನ ಕೋಲು ಎತ್ತಿಕೊಂಡು ಅವರ ಕೈಯನ್ನೇ ನೋಡುತ್ತಿದ್ದ. ಯಾರೋ ಕೆಂಡಕ್ಕೆ ಒಂದು ಹಿಡಿ ಲೋಬಾನ ಹಾಕಿದರು. ಹೊಗೆ ಚಪ್ಪರದಿಂದ ಉಗ್ರಾಣದೊಳಕ್ಕೆ ನುಗ್ಗಿತು. ಹೊಸದಾಗಿ ತೆರೆದ ನನ್ನ ಮೂಗಿಗೆ ಅದು ಚುರುಕ್ಕೆಂದಿತು.

ಸೀನು ಬರುತ್ತಿದೆ ಎಂದು ಗೊತ್ತಾಯಿತು. ತಂಗಿಯ ತಾಳಿ ನೆನಪಾಗಲಿಲ್ಲವೆಂದಲ್ಲ. ಡಾಕ್ಟರ ಮಾತೂ ನೆನಪಾಯಿತು. ಗೋಡೆಯ ಕಡೆ ಮುಖ ಮಾಡಿ, ಶಾಲು ಅಡ್ಡ ಹಿಡಿದು, ಸದ್ದಾಗದ ಹಾಗೆ ಬಿಟ್ಟುಬಿಡೋಣವೆಂದು ಬಾಯಿ ತೆರೆದೆ.

ಅವ್ವ ನೋಡಿದಳು.

ಅವಳು ಯೋಚಿಸಲಿಲ್ಲ. ಯೋಚಿಸುವಷ್ಟು ಹೊತ್ತೂ ಇರಲಿಲ್ಲ. ಒಂದು ಕೈ ನನ್ನ ತಲೆಯ ಹಿಂದೆ ಹೋಯಿತು, ಇನ್ನೊಂದು ಬಾಯಿ ಮೂಗು ಎರಡನ್ನೂ ಸೇರಿಸಿ ಅಮುಕಿ ಹಿಡಿಯಿತು. ಇಪ್ಪತ್ತು ಮನೆಗಳ ಜೋಳ ಬೀಸಿದ ಕೈ. ನಾನು ಬಿಡಿಸಿಕೊಳ್ಳುವುದರೊಳಗೆ ಸೀನು ಒಳಗೇ ಸಿಡಿಯಿತು. ಕಣ್ಣು ಕತ್ತಲೆಯಾಯಿತು. ಮೂಗಿನ ಬುಡದಲ್ಲಿ ಏನೋ ಬಿಸಿಯಾಗಿ ಬಿಚ್ಚಿಕೊಂಡಿತು.

ಆಮೇಲೆ ಗಟ್ಟಿಮೇಳ ಎದ್ದಿತು. ಡೋಲು, ಸನಾದಿ, ಜನರ ಗದ್ದಲ, ಅಕ್ಕಿಕಾಳು. ಅವ್ವ ಕೈ ತೆಗೆಯದೆ ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದಳು. ಅವಳ ಮುಖದ ಮೇಲೆ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ.

"ಕಟ್ಟಿದ," ಅಂದಳು. "ತಾಳಿ ಕಟ್ಟಿದ ನೋಡಪ್ಪ. ಯಾರೂ ಸೀನಲಿಲ್ಲ."

ಹಾಗೆಂದು ಕೈ ತೆಗೆದಳು, ಅಂಗೈ ನೋಡಿಕೊಂಡಳು. ಅಂಗೈ ತುಂಬ ರಕ್ತ. ಆಗ ಅವಳಿಗೆ ಗೊತ್ತಾಯಿತು. ಮದುವೆಮನೆಯಲ್ಲಿ ರಕ್ತ ಕಾಣಿಸಬಾರದು. ಅವಳು ಸೀರೆಯ ಒಳಸೆರಗಿಗೆ ಕೈ ಒರೆಸಿಕೊಂಡು, ನನ್ನ ಮುಖವನ್ನೂ ಅದರಲ್ಲೇ ಒರೆಸಿ, ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಎರಡೂ ಹೊಳ್ಳೆ ಮುಚ್ಚಿದವು. ಒಳಗಿನ ನಡುಗೋಡೆ ಎರಡೂ ಕಡೆಗೆ ಊದಿಕೊಂಡಿತ್ತು, ಬೆರಳು ಸೋಕಿದರೆ ಮೆತ್ತಗೆ ಹಣ್ಣಿನಂತಿತ್ತು. ಜ್ವರ ಏರಿತು. ಅವ್ವ ಗಾಡಿ ಹೂಡಿಸಿ, ಹೊಸಪೇಟೆಗೆ ಹೋಗಬೇಕು ಎಂದು ಮಾವನ ಮುಂದೆ, ಬೀಗರ ಮುಂದೆ ಕೈಮುಗಿದಳು. ಕಂಕಣ ಬಿಚ್ಚುವ ತನಕ ಹೆಣ್ಣಿನ ತಾಯಿ, ಅಣ್ಣ ಊರು ದಾಟಬಾರದು, ಅದರಲ್ಲೂ ಆಸ್ಪತ್ರೆಗೆ ಹೋಗುವುದು ಎಂದರೇನು ಎಂದು ಎಲ್ಲರೂ ಅಂದರು. ಅವ್ವನಿಗೂ ಆ ಮಾತು ಸರಿಯೆಂದೇ ಗೊತ್ತಿತ್ತು. ಗೊತ್ತಿದ್ದೂ ಬೇಡಿಕೊಂಡಳು. ಉಗ್ರಾಣದ ಮೂಲೆಯಲ್ಲಿ ಅಕ್ಕಿ ಚೀಲಕ್ಕೆ ಒರಗಿ, ಬಾಯಲ್ಲಿ ಉಸಿರಾಡುತ್ತ, ನಾನು ತಂಗಿಯ ನಗು ಕೇಳುತ್ತಿದ್ದೆ. ಅರಿಸಿನದ ಓಕುಳಿ ನಡೆಯುತ್ತಿತ್ತು.

ಕಂಕಣ ಬಿಚ್ಚಿದ ಮೇಲೆ ಗಾಡಿಯಲ್ಲಿ ಮಲಗಿಸಿ ಕರೆತಂದರು. ಡಾಕ್ಟರು ಕನ್ನಡಿ ಕಟ್ಟಿಕೊಂಡು ನೋಡಿದರು. ರೇಗಲಿಲ್ಲ, ಅದರಿಂದಲೇ ನನಗೆ ಹೆದರಿಕೆಯಾಯಿತು.

"ಯಾರು ಹಿಡಿದದ್ದು?" ಎಂದು ಕೇಳಿದರು.

ಅವ್ವ ಬಾಗಿಲಲ್ಲಿ ನಿಂತಿದ್ದಳು.

"ನಾನ ಹಿಡ್ಕೊಂಡ್ನಿರಿ," ಅಂದೆ.

ಆಗ ಅವರಿಗೆ ಸಿಟ್ಟು ಬಂತು. ಸೀನುವುದಕ್ಕೂ ಬಾರದ ಮೂರ್ಖ ಎಂದರು, ನಿನ್ನಂಥವನಿಗೆ ಕೈಯಿಟ್ಟದ್ದೇ ನನ್ನ ತಪ್ಪು ಎಂದರು, ತೆಲುಗಿನಲ್ಲಿ ಇನ್ನೂ ಏನೇನೋ ಅಂದರು. ಅವ್ವ ಎಲ್ಲ ಕೇಳಿಸಿಕೊಂಡಳು. ತಡೆದ ಸೀನಿನಿಂದ ಒಳಗೋಡೆಯಲ್ಲಿ ರಕ್ತ ಕಟ್ಟಿ, ಆ ರಕ್ತ ಕೀವಾಗಿತ್ತು. ಕೊಯ್ದು ಹೊರಗೆ ಬಿಟ್ಟರು. ಕೀವು ಹೋಯಿತು, ಅದರ ಜೊತೆ ಮೂಗನ್ನು ಎತ್ತಿ ಹಿಡಿದಿದ್ದ ಮೆದು ಎಲುಬೂ ಕರಗಿ ಹೋಗಿತ್ತು. ಗಾಯ ಮಾಯುತ್ತ ಬಂದ ಹಾಗೆ ಮೂಗು ನಡುವೆ ಕುಸಿಯುತ್ತ ಬಂತು. ಪಕ್ಕೆಲುಬಿನ ಚೂರು ತೆಗೆದು ಮೂಗಿಗೆ ಕೂರಿಸುವುದುಂಟು, ಮದ್ರಾಸಿಗೆ ಹೋದರೆ ಮಾಡಿಯಾರು ಎಂದು ಡಾಕ್ಟರು ಕೊನೆಗೆ ಮೆಲ್ಲಗೆ ಹೇಳಿದರು. ನೋಡುವುದಕ್ಕೆ ಮೂಗು ಬಂದೀತು, ಊದುವಷ್ಟು ಉಸಿರು ಬಂದೀತೆಂದು ನಾನು ಹೇಳಲಾರೆ ಎಂದರು. ನೋಡುವುದಕ್ಕೆ ಮೂಗು ಕಟ್ಟಿಕೊಂಡು ನಾನೇನು ಮಾಡಲಿ? ಹೋಗಲಿಲ್ಲ.

ಮನೆಯಲ್ಲಿ ಒಂದು ದಿನ ನಾನೇ ಚೊಂಬು ತುಂಬಿಸಿಕೊಂಡು ಕಟ್ಟೆಗೆ ಬಂದೆ. ಗುಳ್ಳೆ ಎದ್ದಿತು, ನಿಂತಿತು. ಒಳಗೆ ಬೀಸುವ ಕಲ್ಲಿನ ಸದ್ದು ಒಮ್ಮೆಲೇ ಜೋರಾಯಿತು. ಅವ್ವ ಬರಿಗಲ್ಲನ್ನು ಬೀಸುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟಿತ್ತೇ ಎಂದು ಕೇಳಿದರೆ, ಇತ್ತು. ಬಹಳ ಇತ್ತು. ಅವಳು ಬಡಿಸಿದ ರೊಟ್ಟಿಯನ್ನು ನುಂಗುವಾಗಲೂ ಇತ್ತು. ಆ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ಗೊತ್ತಾಗುತ್ತಿರಲಿಲ್ಲ. ಅಜ್ಜಿಯ ಮೇಲೆ ಇಳಿಸೋಣವೆಂದರೆ ಅವಳು ಸತ್ತಿದ್ದಳು. ಹಂಪಿಯ ಸನಾದಿ ಮರಿಯಮ್ಮನಹಳ್ಳಿಯ ನೆಂಟನ ಪಾಲಾಯಿತು. ಅವ್ವನೂ ನಾನೂ ಆ ಸೀನಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇರಿಯಲ್ಲೆಲ್ಲ ನಾನೇ ಮೂಗು ಹಿಡಿದುಕೊಂಡೆ ಎಂದು ಸುದ್ದಿ ನಿಂತಿತು. ತಂಗಿಯ ತಾಳಿಗಾಗಿ ಮೂಗು ಕೊಟ್ಟ ಅಣ್ಣ ಎಂದು ಹೆಂಗಸರು ಹೊಗಳಿದರು. ಅವ್ವ ಆ ಹೊಗಳಿಕೆ ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು.

ಕೆಲವು ವರ್ಷಗಳಾದ ಮೇಲೆ ಕಂಪ್ಲಿಯಲ್ಲಿ ವಾಂತಿಭೇದಿ ಬಂತು. ಬೆಳಗ್ಗೆ ಗಿರಣಿಗೆ ಹೋದ ತಂಗಿಯ ಗಂಡ ಸಂಜೆಗೆ ಇರಲಿಲ್ಲ. ಅವಳ ಮದುವೆಯಲ್ಲಿ ಯಾರೂ ಸೀನಿರಲಿಲ್ಲ. ಇಡೀ ಕಂಪ್ಲಿ ಸಾಕ್ಷಿ.

ತಂಗಿಯನ್ನು ಕರೆದುಕೊಂಡು ಬಂದೆವು. ಬೋಳು ಹಣೆ, ಕಂಕುಳಲ್ಲಿ ಒಂದು ಕೂಸು. ಅವಳನ್ನು ಒಳಗೆ ಮಲಗಿಸಿ ಅವ್ವ ಹೊರಗೆ ಕಟ್ಟೆಗೆ ಬಂದು ನನ್ನೆದುರು ಕೂತಳು. ಆಸ್ಪತ್ರೆಯ ದಿನಗಳಾದ ಮೇಲೆ ಅವಳು ನನ್ನ ಮುಖವನ್ನು ನೇರ ನೋಡಿದ್ದು ಅವತ್ತೇ. ಕೈ ಚಾಚಿ ಎರಡು ಬೆರಳನ್ನು ನನ್ನ ಮೂಗಿನ ಕುಸಿದ ಜಾಗದಲ್ಲಿ ಇಟ್ಟಳು. ಅಲ್ಲಿ ಸರಿಯಾಗಿ ಎರಡು ಬೆರಳಿನಷ್ಟು ಜಾಗವಿತ್ತು.

"ಡಾಕ್ಟ್ರ ಮುಂದ ನಮ್ಮವ್ವ ಹಿಡದಳು ಅಂತ ಯಾಕ ಹೇಳ್ಲಿಲ್ಲೋ?"

ನಾನು ಕಣ್ಣು ತಗ್ಗಿಸಿದೆ.

"ಹೇಳಬೇಕಿತ್ತು. ಆ ಬೈಗುಳ ನನಗ ಬೀಳಬೇಕಿತ್ತು." ಬೆರಳು ತೆಗೆಯಲಿಲ್ಲ. "ಒಂದರ ಉಳೀತೈತಿ ಅನ್ಕೊಂಡಿದ್ನೆಪ್ಪ. ಎರಡೂ ಹೋದ್ವು."

ಅವಳ ಕೈ ಹಿಡಿದುಕೊಂಡು ಕೂತೆ. ಅದು ಹಗುರವಾಗಿತ್ತು. ಆಮೇಲೆ ಅವಳು ಬಹಳ ವರ್ಷ ಬದುಕಲಿಲ್ಲ. ಬದುಕಿರುವಷ್ಟು ದಿನ ಅಂಗಳದಲ್ಲಿ ತಂಗಿಯ ಕೂಸು ಸೀನಿದರೆ ಸಾಕು, ಮಲಗಿದಲ್ಲಿಂದಲೇ ಕೂಗುತ್ತಿದ್ದಳು.

"ಬಾಯಿ ತೆಗಿ ಮಗಾ! ತಡೀಬ್ಯಾಡ, ಬಾಯಿ ತೆಗಿ!"

ಈಗ ನಾನು ಡೋಲು ಬಾರಿಸುತ್ತೇನೆ. ಮಾವ ಹೋದ ಮೇಲೆ ಅವನ ಡೋಲು ನನ್ನ ಹೆಗಲಿಗೆ ಬಂತು. ಡೋಲಿಗೆ ಮೂಗು ಬೇಕಾಗಿಲ್ಲ. ಗಟ್ಟಿಮೇಳಕ್ಕೆ ಶಾಸ್ತ್ರಿಗಳು ಕೈಯೆತ್ತುವ ತನಕ ಕಾಯಬೇಕು, ಅವರ ಕೈಯನ್ನೇ ನೋಡುತ್ತಿರಬೇಕು ಎಂದು ಮಾವ ಕಲಿಸಿದ್ದ. ನಾನು ಶಾಸ್ತ್ರಿಗಳನ್ನು ನೋಡುವುದಿಲ್ಲ. ನೆರೆದವರ ಮುಖಗಳನ್ನು ನೋಡುತ್ತಿರುತ್ತೇನೆ, ಬಾಗಿಲುಗಳ ಸಂದಿಯನ್ನೂ ನೋಡುತ್ತೇನೆ.

ಮೊನ್ನೆ ಕಂಪ್ಲಿಯಲ್ಲೇ ಒಂದು ಮದುವೆ. ಅಂತರಪಟ ಇನ್ನೂ ಇಳಿದಿರಲಿಲ್ಲ. ಕಂಬದ ಪಕ್ಕ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳ ಕಣ್ಣು ಕಿರಿದಾಯಿತು, ಮೂಗು ಅರಳಿತು, ಬಾಯಿ ತೆರೆಯತೊಡಗಿತು. ಅವಳ ಹಿಂದಿದ್ದ ತಾಯಿಯ ಕೈ ಮೇಲೆದ್ದದ್ದು ಕಂಡಿತು. ನಾನು ಬಾರಿಸಿಬಿಟ್ಟೆ. ಸನಾದಿಯವನು ಗಾಬರಿಯಾಗಿ ಊದುತ್ತ ನನ್ನ ಪೆಟ್ಟಿನ ಹಿಂದೆ ಓಡಿಬಂದ. ಹುಡುಗಿ ಸೀನಿದಳು, ಯಾರಿಗೂ ಕೇಳಿಸಲಿಲ್ಲ. ತಾಯಿಯ ಕೈ ಕೆಳಗಿಳಿಯಿತು.

"ಏನಲೇ ನಿನ್ನ ಅವಸರ!" ಎಂದು ಶಾಸ್ತ್ರಿಗಳು ಕೂಗಿದರು. "ನಾನಿನ್ನೂ ಕೈ ಎತ್ತಿಲ್ಲ!"

ನಾನು ಇನ್ನಷ್ಟು ಜೋರಾಗಿ ಬಾರಿಸಿದೆ.